ರಜಾದಿನದ ಉಳಿ

ಕೆಲಸವನ್ನು ಹೊಗಳುವವರ ಬಗ್ಗೆ ನನಗೆ ಮೊದಲಿಂದಲೂ ಗುಮಾನಿ. ದುಡಿಮೆ ದೊಡ್ಡದು, ದುಡಿಮೆ ಪವಿತ್ರ, ಬೆವರು ಸುರಿಸಿದವನೇ ದೇವರಿಗೆ ಹತ್ತಿರ ಅಂತ ಯಾರಾದರೂ ಮೈಕಿನ ಮುಂದೆ ನಿಂತು ಹೇಳಿದರೆ ಮೊದಲು ಅವರ ಅಂಗೈ ನೋಡಬೇಕು ಅನ್ನಿಸುತ್ತೆ. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಬರೆಸಿದ್ದಾರೆ. ಆ ಅಕ್ಷರದ ಕೆಳಗಿರುವ ಕಲ್ಲು ಹೊತ್ತವರ ಕೆಲಸ ಯಾವ ದೇವರದು ಅಂತ ಬರೆಸಿಲ್ಲ. ನಮ್ಮ ಹಟ್ಟಿಯಲ್ಲಿ ದುಡಿಮೆಯನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಬೈದವರನ್ನು ಕಂಡಿದ್ದೇನೆ. ಬೈಯುತ್ತ ಬೈಯುತ್ತಲೇ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದವರನ್ನೂ ಕಂಡಿದ್ದೇನೆ.

ಈಚೆಗೆ ಹೊಗಳಿಕೆಯ ಇನ್ನೊಂದು ರಾಗ ಶುರುವಾಗಿದೆ. ಪಟ್ಟಣದ ಓದಿದ ಜನ ಶನಿವಾರ ಭಾನುವಾರ ಬಂತೆಂದರೆ ಗುದ್ದಲಿ ಹಿಡೀತಾರೆ. ಕುಂಡಕ್ಕೆ ಮಣ್ಣು ತುಂಬುತ್ತಾರೆ. ಕರೆಂಟಿನ ಗರಗಸ ಕೊಂಡು ತಂದು ಮಹಡಿ ಮೇಲೆ ಮೇಜು, ಸ್ಟೂಲು, ಪುಸ್ತಕದ ಗೂಡು ಮಾಡುತ್ತಾರೆ. ಐದು ದಿನ ಕಂಪ್ಯೂಟರ್ ಮುಂದೆ ಜಡ್ಡುಗಟ್ಟಿದ ಮನಸ್ಸು ಎರಡು ದಿನ ಮರ ಉಜ್ಜಿದರೆ ಹಗುರಾಗುತ್ತೆ ಅಂತಾರೆ. ಇದನ್ನು ಗೇಲಿ ಮಾಡುವುದು ಸುಲಭ. ನಮ್ಮಲ್ಲಿ ಕೆಲವು ಗೆಳೆಯರು ಮಾಡುತ್ತಾರೆ ಕೂಡ. ನಾನು ಮಾಡಲಾರೆ. ಯಾಕೆಂದರೆ ನಾನೂ ಹಾಸನದ ಒಂದು ಕಚೇರಿಯಲ್ಲಿ ವಾರವೆಲ್ಲ ಕಡತ ತಿರುವಿ ಹಾಕಿ, ಹೋದ ತಿಂಗಳ ಎರಡನೇ ಶನಿವಾರ ರೈಲು ಹತ್ತಿ ಅರಸೀಕೆರೆಗೆ ಬಂದು, ಎರಡು ದಿನ ಮನೆಯ ಹಿತ್ತಲಲ್ಲಿ ಒಂದು ಬೆಂಚು ಮಾಡಿದೆ. ಮನಸ್ಸು ಹಗುರಾದದ್ದು ನಿಜ. ಹಗುರಾದದ್ದರಿಂದಲೇ ಈ ಪ್ರಶ್ನೆ ಹುಟ್ಟಿತು. ಅದೇ ಗುದ್ದಲಿ, ಅದೇ ಉಳಿ, ಅದೇ ಬೊಕ್ಕೆ. ಒಬ್ಬನ ಮನಸ್ಸನ್ನು ಹಗುರ ಮಾಡುವ ಕೆಲಸ ಇನ್ನೊಬ್ಬನ ಬೆನ್ನು ಮುರಿಯುವುದು ಹೇಗೆ? ವ್ಯತ್ಯಾಸ ಇರುವುದು ಕೆಲಸದ ಒಳಗೋ, ಹೊರಗೋ?

ಮೊದಲು ರಜೆಯ ವಿಚಾರ. ಭಾನುವಾರ ಆಕಾಶದಿಂದ ಉದುರಿದ್ದಲ್ಲ. ಮುಂಬಯಿಯ ಹತ್ತಿ ಗಿರಣಿಗಳ ಕೂಲಿಗಳಿಗೆ ವಾರಕ್ಕೊಂದು ದಿನ ಬಿಡುವು ಬೇಕು ಅಂತ 1884ರಲ್ಲಿ ಕೂಗು ಎಬ್ಬಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ಮನುಷ್ಯ. ಅರ್ಜಿ, ಸಭೆ ಎಲ್ಲ ಆಗಿ, 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಆಮೇಲೆ 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅಂಬೇಡ್ಕರ್ ಕೈಯಲ್ಲಿತ್ತು. 1946ರ ತಿದ್ದುಪಡಿಯಲ್ಲಿ ಫ್ಯಾಕ್ಟರಿ ಕೂಲಿಯ ವಾರ 54 ಗಂಟೆಯಿಂದ 48 ಗಂಟೆಗೆ ಇಳಿಯಿತು. ಹಾಗಾಗಿ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಗಿಡಕ್ಕೆ ನೀರು ಹಾಕುವ ಬೆಂಗಳೂರಿನ ಸಭ್ಯರು, ತಮಗೆ ಗೊತ್ತಿಲ್ಲದೆಯೇ, ಒಬ್ಬ ಸತ್ಯಶೋಧಕನ ಸಾಲಗಾರರು.

ಆದರೆ ಆ ಭಾನುವಾರ ಗಿರಣಿಯ ಗೇಟಿನ ಒಳಗೆ ಬಂತೇ ಹೊರತು ಹಳ್ಳಿಯ ಗಡಿ ದಾಟಲಿಲ್ಲ. ನಮ್ಮ ಕಡೆ ಸೋಮವಾರ ಎತ್ತು ಕಟ್ಟುವುದಿಲ್ಲ. ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಟ್ಟವನಿಗೆ ಊರೇ ಛೀಮಾರಿ ಹಾಕುತ್ತಿತ್ತು. ಎತ್ತಿಗೆ ವಾರದ ರಜೆ ಇತ್ತು. ಎತ್ತು ಹೊಡೆಯುವ ಜೀತಗಾರನಿಗೆ ಇರಲಿಲ್ಲ. ಸೋಮವಾರ ಅವನು ಎತ್ತಿನ ಮೈ ತೊಳೆಯಬೇಕು, ಕೊಟ್ಟಿಗೆ ಬಾಚಬೇಕು, ಗೌಡರ ಮನೆಗೆ ಸೌದೆ ಸೀಳಬೇಕು. ಜೀತದ ಲೆಕ್ಕ ವಾರದ್ದಲ್ಲ, ಯುಗಾದಿಯಿಂದ ಯುಗಾದಿಗೆ. ಅದನ್ನು ಕಾಯ್ದೆಯಿಂದ ತೆಗೆದು ಹಾಕಿದ್ದು 1976ರಲ್ಲಿ. ನಮ್ಮಪ್ಪನ ತಲೆಮಾರು ಜೀತದಿಂದ ತಪ್ಪಿಸಿಕೊಂಡಿತು, ಕೂಲಿಗೆ ಬಂತು. ಅಪ್ಪ ತೆಂಗಿನಕಾಯಿ ಸುಲಿಯುವವನು. ಅರಸೀಕೆರೆ, ತಿಪಟೂರು ಸೀಮೆಯಲ್ಲಿ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುವುದು ಎಲ್ಲರಿಗೂ ಗೊತ್ತು. ಅಟ್ಟದಿಂದ ಇಳಿಸಿದ ಕಾಯನ್ನು ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕುಕ್ಕಿ ಮಟ್ಟೆ ಬಿಡಿಸಬೇಕು. ಕಾಯಿಗಿಷ್ಟು ಅಂತ ಲೆಕ್ಕ. ಅವನಿಗೆ ಭಾನುವಾರ ಅಂದರೆ ಒಂದು ದಿನದ ಕಾಯಿ ಕಮ್ಮಿ, ಅಷ್ಟೆ.

ಇನ್ನು ಆ ಎರಡು ದಿನದ ಸಂಗತಿ. ಶನಿವಾರ ಅರಸೀಕೆರೆಯಲ್ಲಿ ಸುತ್ತಾಟ. ಅವ್ವನ ಮಾತ್ರೆ, ತಂಗಿಯ ನೋಟ್‌ಬುಕ್ಕು, ಒಂದು ಸೇರು ಮೊಳೆ, ಮರಳು ಕಾಗದ. ಮರ ಕೊಯ್ಯುವ ಮಿಲ್ಲಿನಲ್ಲಿ ಸಿಲ್ವರ್ ಓಕಿನ ಎರಡು ಹಲಗೆ. ಬೇಲೂರಿನ ಕಡೆಯ ಕಾಫಿ ತೋಟಗಳಲ್ಲಿ ನೆರಳಿಗೆ ಅಂತ ಬೆಳೆಸಿದ ಮರ ಅದು. ಹಲಸು, ತೇಗದ ರೇಟು ಕೇಳುವ ಹಾಗಿಲ್ಲದವರು ಅದನ್ನೇ ಕೊಳ್ಳುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತರಿ, ಅರ್ಧ ಅಂಗುಲದ ಉಳಿ ಕೇಳಿದೆ. ಅಂಗಡಿಯವರು ಯಾವ ಆಚಾರ್ರು ಕಳಿಸಿದ್ದು ಅಂದರು. ನನಗೇ ಬೇಕು, ಮನೇಲಿ ಒಂದು ಬೆಂಚು ಮಾಡ್ಕೋಬೇಕು ಅಂದೆ. ಅವರ ಮುಖ ಅರಳಿತು. "ಒಳ್ಳೇ ಹವ್ಯಾಸ ಸಾರ್. ಈಗಿನ ಹುಡುಗರಿಗೆ ಇಂಥದ್ದೆಲ್ಲ ಎಲ್ಲಿ ಬರುತ್ತೆ" ಅಂದು ಉಳಿಯ ಮೇಲೆ ಹತ್ತು ರೂಪಾಯಿ ಬಿಟ್ಟರು.

ಅಲ್ಲಿಂದ ನಾಲ್ಕು ಮಾರು ದೂರದಲ್ಲಿ, ಬಸ್ ಸ್ಟ್ಯಾಂಡಿನ ಗೋಡೆ ಬದಿ, ಛತ್ರಿ ನೆಟ್ಟುಕೊಂಡು ಒಬ್ಬರು ಚಪ್ಪಲಿ ಹೊಲಿಯುತ್ತ ಕೂತಿದ್ದರು. ಅವರ ಕೈಯಲ್ಲೂ ಉಳಿ. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು, ಕೊಟ್ಟೆ. ಅವರು ಹೊಲಿದ ಹೊಲಿಗೆ ನನ್ನ ಬೆಂಚಿನ ಯಾವ ಮೂಲೆಗಿಂತಲೂ ನೇರವಾಗಿತ್ತು. ಆ ಜಾಗದಲ್ಲಿ ಎಷ್ಟು ವರ್ಷದಿಂದ ಕೂತಿದ್ದಾರೋ, ಒಳ್ಳೇ ಹವ್ಯಾಸ ಅಂತ ಒಬ್ಬನೂ ಅವರಿಗೆ ಹೇಳಿರಲಾರ.

ಮರ ಕೊರೆದರೆ ಹವ್ಯಾಸ, ತೊಗಲು ಕೊರೆದರೆ ಜಾತಿ. ಶನಿವಾರ ರಾತ್ರಿ ನೋಟ್‌ಬುಕ್ಕಿನಲ್ಲಿ ಹೀಗೊಂದು ಸಾಲು ಗೀಚಿದೆ. ಪದ್ಯಕ್ಕೆ ಆಗುತ್ತೆ ಅನ್ನಿಸಿತು. ಮಲಗಿ ಯೋಚಿಸಿದರೆ ಸಾಲು ನಿಲ್ಲಲಿಲ್ಲ. ಯಾಕೆಂದರೆ ತೊಗಲನ್ನೂ ಹವ್ಯಾಸಕ್ಕೆ ಮುಟ್ಟಿದವರಿದ್ದಾರೆ, ಮತ್ತು ಅವರು ಸಣ್ಣವರಲ್ಲ.

ರಷ್ಯದ ಟಾಲ್‌ಸ್ಟಾಯ್ ಜಮೀನ್ದಾರ, ಕೌಂಟ್ ಪದವಿಯವನು. ಅರ್ಧ ಆಯಸ್ಸು ಕಳೆದ ಮೇಲೆ ಮೋಚಿಯೊಬ್ಬನಿಂದ ಬೂಟು ಹೊಲಿಯೋದು ಕಲಿತ. ಹೊಲಿದ ಬೂಟನ್ನು ಗೆಳೆಯರಿಗೆ ಕೊಟ್ಟ. ಮುಂದೆ ಅವನ ಅಳಿಯನಾದ ಸುಖೋತಿನ್ ಆ ಬೂಟನ್ನು ಕಾಲಿಗೆ ಹಾಕಲಿಲ್ಲ. ಟಾಲ್‌ಸ್ಟಾಯ್ ಕೃತಿಗಳ 12 ಸಂಪುಟದ ಪಕ್ಕ 13ನೇ ಸಂಪುಟ ಅಂತ ಕಪಾಟಿನಲ್ಲಿಟ್ಟ. ಟಾಲ್‌ಸ್ಟಾಯ್‌ನನ್ನು ಗುರು ಅಂದುಕೊಂಡ ಗಾಂಧಿ ದಕ್ಷಿಣ ಆಫ್ರಿಕಾದಲ್ಲಿ ಚಪ್ಪಲಿ ಹೊಲಿಯೋದು ಕಲಿತರು. ಜೈಲಿನಲ್ಲಿ ಕೂತು ಮಾಡಿದ ಒಂದು ಜೊತೆಯನ್ನು, ತಮ್ಮನ್ನು ಜೈಲಿಗೆ ಹಾಕಿಸಿದ ಜನರಲ್ ಸ್ಮಟ್ಸ್‌ಗೇ 1914ರಲ್ಲಿ ಕೊಟ್ಟರು. ಸ್ಮಟ್ಸ್ ಅದನ್ನು ಎಷ್ಟೋ ಬೇಸಿಗೆ ಮೆಟ್ಟಿ, 1939ರಲ್ಲಿ ಗಾಂಧಿಗೆ 70 ತುಂಬಿದಾಗ, ಇಂಥವರ ಕೆರದಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲ ಅನ್ನುವ ಅರ್ಥದಲ್ಲಿ ಬರೆದು ವಾಪಸು ಕಳಿಸಿದ.

ಈ ಎರಡು ಜೊತೆ ಕೆರದ ಕತೆಯನ್ನೂ ನಾನು ಪ್ರೀತಿಯಿಂದಲೇ ಓದಿದ್ದೇನೆ. ಅವರು ನಾಟಕ ಆಡಿದರು ಅಂತ ನಾನು ಹೇಳುವುದಿಲ್ಲ. ಆದರೂ ಒಂದು ಮಾತು. ಕೌಂಟ್ ಹೊಲಿದರೆ ಬೂಟು ಪುಸ್ತಕದ ಕಪಾಟು ಹತ್ತುತ್ತೆ. ಬ್ಯಾರಿಸ್ಟರ್ ಹೊಲಿದರೆ ಚಪ್ಪಲಿ ಇತಿಹಾಸಕ್ಕೆ ಸೇರುತ್ತೆ. ನಮ್ಮ ತಾತ ಆಯುಷ್ಯ ಪೂರ್ತಿ ಹೊಲಿದ ಕೆರ ಅಂಗಳದ ಆಚೆಯೇ ಬಿದ್ದಿರುತ್ತಿತ್ತು, ಅವನೂ ಅಲ್ಲೇ ನಿಂತಿರುತ್ತಿದ್ದ. ಹಾಗಾದರೆ ತಪ್ಪು ತೊಗಲಿನದಲ್ಲ. ಕೈಯದು. ಯಾವ ಕೈ ಅನ್ನುವುದು ಕೆಲಸ ಶುರುವಾಗುವ ಮುಂಚೆಯೇ ತೀರ್ಮಾನವಾಗಿರುತ್ತೆ.

ಇದಕ್ಕೆ ರಷ್ಯ, ಆಫ್ರಿಕಾ ಯಾಕೆ. ನಮ್ಮ ಜಾವಗಲ್ ದಾಟಿದರೆ ಹಳೇಬೀಡು, ಅಲ್ಲಿಂದ 16 ಕಿಲೋಮೀಟರಿಗೆ ಬೇಲೂರು. ಬೇಲೂರಿನ ಚೆನ್ನಕೇಶವನಿಗೂ ಕೆರ ಬೇಕಿತ್ತು. ರೈಸ್ ಸಾಹೇಬರು ಬರೆದ ಮೈಸೂರು ಗೆಜೆಟಿಯರಿನಲ್ಲಿ ಈ ಕತೆ ದಾಖಲಾಗಿದೆ. ದೇವರು ಆಗಾಗ ಬಾಬಾಬುಡನ್ ಗಿರಿಗೆ, ಅಲ್ಲಿರುವ ದೇವಿಯನ್ನು ನೋಡಲು ನಡೆದು ಹೋಗುತ್ತಾನೆ. ಅದಕ್ಕಾಗಿ ಗುಡಿಯಲ್ಲಿ ಒಂದು ಜೊತೆ ದೊಡ್ಡ ಪಾದರಕ್ಷೆ ಇಟ್ಟಿರುತ್ತಾರೆ. ಬೆಟ್ಟದ ದಾರಿ, ಸವೆಯುತ್ತವೆ. ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಮಾದಿಗರ ಕನಸಿನಲ್ಲಿ ದೇವರು ಬಂದು ತಿಳಿಸುತ್ತಾನೆ. ಅವರು ಹೊಸ ಜೊತೆ ಮಾಡಿ ಹೊತ್ತು ತರುತ್ತಾರೆ. ಅದನ್ನು ಒಪ್ಪಿಸುವುದಕ್ಕೆ ಮಾತ್ರ ಅವರಿಗೆ ಗುಡಿಯ ಅಂಗಳದೊಳಗೆ ಪ್ರವೇಶ.

ನೋಡಿ, ಕತೆ ಕಟ್ಟಿದವರು ಎಷ್ಟು ಜಾಣರು. ಆಗಿನ ಮೈಸೂರು ಸೀಮೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿ ಕನಸಿನೊಳಕ್ಕೆ ನುಗ್ಗುವ ದೇವರಿಗೆ ಮಡಿ ಮೈಲಿಗೆ ಅಡ್ಡ ಬರುವುದಿಲ್ಲ. ಅಳತೆ ಕೊಡುವುದಕ್ಕೆ ಕನಸು ಸಾಕು. ಕೆರ ಮಾಡಿದವನು ಬಾಗಿಲಿಗೆ ಬಂದಾಗ ಮಾತ್ರ ಅಂಗಳ ಎಷ್ಟು, ಗರ್ಭಗುಡಿ ಎಷ್ಟು ಅಂತ ಲೆಕ್ಕ. ನನಗೆ ಈ ಕತೆಯಲ್ಲಿ ಕಾಡುವುದು ಅಂಗಳವೂ ಅಲ್ಲ. ಕನಸು. ಕೆಲಸ ನಿನ್ನದು ಅಂತ ಹೇಳುವುದಕ್ಕೆ ಯಜಮಾನನೇ ಬರಬೇಕಾಗಿಲ್ಲ, ನಿನ್ನ ನಿದ್ದೆಯೇ ಬಂದು ಹೇಳುತ್ತೆ. ಇದಕ್ಕಿಂತ ಆಳಕ್ಕೆ ಇಳಿದ ಜೀತ ಇನ್ನೊಂದಿಲ್ಲ. ಕನಸು ಬಿತ್ತು, ನಾನು ಹೊಲಿಯೋದಿಲ್ಲ ಅಂತ ಎದ್ದು ಹೇಳಿದ ಒಬ್ಬ ಮಾದಿಗ ಆ ಕತೆಯಲ್ಲಿಲ್ಲ.

ಹರಳಯ್ಯನ ಕತೆ ಬೇರೆ, ಅದನ್ನು ಇದರ ಜೊತೆ ಕಲಸಬಾರದು ಅಂತ ಶರಣರ ಅಭಿಮಾನಿಗಳು ಹೇಳಬಹುದು. ನಿಜ. ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು, ಬಸವಣ್ಣ ಅದನ್ನು ಮೆಟ್ಟಲಿಲ್ಲ ಅನ್ನುತ್ತೆ ಕತೆ. ಅಲ್ಲಿ ಕನಸಿನ ಅಪ್ಪಣೆ ಇರಲಿಲ್ಲ, ಪ್ರೀತಿ ಇತ್ತು. ಕಾಯಕ ಅನ್ನುವ ಮಾತು 12ನೇ ಶತಮಾನದಲ್ಲಿ ನಿಜವಾಗಲೂ ಬೆಂಕಿಯೇ ಆಗಿತ್ತು. ಯಾವ ಕೆಲಸವೂ ಕೀಳಲ್ಲ ಅಂತ ಸಮಗಾರನ ಎದುರು ನಿಂತು ಹೇಳಿ, ಅವನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ತಂದರು. ಕಲ್ಯಾಣ ಉರಿದದ್ದು ಆ ಮದುವೆಗೆ. ಕೆರಕ್ಕಲ್ಲ. ಹರಳಯ್ಯ ಕೊನೆವರೆಗೂ ಕೆರ ಹೊಲಿದುಕೊಂಡೇ ಇದ್ದಿದ್ದರೆ ಬಿಜ್ಜಳನಿಗೆ ತಕರಾರಿರಲಿಲ್ಲ. ಈಗ ಕಾಯಕದ ಮಾತು ಕಚೇರಿಗಳ ಗೋಡೆಯ ಮೇಲೆ ನೇತಾಡುತ್ತಿದೆ. ಮದುವೆಯ ಭಾಗ ಬಿಟ್ಟು.

ಕೆಲಸದಲ್ಲಿ ಸಂತೋಷವೇ ಇಲ್ಲ ಅನ್ನುವ ಹಟ ನನ್ನದಲ್ಲ. ಇದ್ದರೆ ಹಳೇಬೀಡು, ಬೇಲೂರಿನ ಕಲ್ಲುಗಳೇ ನನ್ನನ್ನು ನೋಡಿ ನಗುತ್ತವೆ. 1117ರ ಬೇಲೂರಿನ ಗುಡಿಯಲ್ಲಿ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯವರು ಅಂತ ಊರೂ ಹೇಳಿಕೊಂಡಿದ್ದಾರೆ. ಮಲ್ಲಿತಮ್ಮನ ಹೆಸರು ಅಮೃತಾಪುರದಿಂದ ಸೋಮನಾಥಪುರದವರೆಗೆ ಸಿಗುತ್ತೆ. ಕೆಲಸದ ಮೇಲೆ ಹೆಸರು ಹಾಕುವುದು ಅಂದರೆ ಇದು ನಾನು, ಇದರಾಚೆಯೂ ನಾನು ಅಂತ ಹೇಳಿದ ಹಾಗೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತೆ. ಆ ಮೆತ್ತಗಿನ ಹೊತ್ತನ್ನು ಹಿಡಿದು ಉಳಿ ಆಡಿಸಿದವನಿಗೆ ಸುಖ ಇಲ್ಲದೆ ಇರಲು ಸಾಧ್ಯವಿಲ್ಲ. ಅದೇ ಗುಡಿಯೊಳಗೆ ತಿರುಗಣಿಗೆ ಕೊಟ್ಟು ಕಡೆದ ಕಂಬಗಳಿವೆ, ಮುಖ ಕಾಣುವಷ್ಟು ನುಣುಪು. ಆ ತಿರುಗಣಿ ತಿರುಗಿಸಿದವರ ಹೆಸರು ಯಾವ ಕಂಬದ ಮೇಲೂ ಇಲ್ಲ. ಗಣಿಯಿಂದ ಕಲ್ಲು ಎಳೆದವರದ್ದೂ ಇಲ್ಲ. ಎಳೆಯುವ ಹಗ್ಗ, ತೊಗಲಿನ ಮಿಣಿ ಹೊಸೆದವರದ್ದೂ ಇಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ನಮ್ಮೂರ ಹುಡುಗರು ಸ್ಟೇಟಸ್ ಹಾಕಿಕೊಂಡು ಮೆರೆದರು. ನಾನೂ ಖುಷಿಪಟ್ಟೆ. ಪರಂಪರೆಯಲ್ಲಿ ನಮ್ಮ ಪಾಲು ಯಾವ ಕಲ್ಲಿನ ಕೆಳಗಿದೆ ಅಂತ ಮಾತ್ರ ಗೈಡುಗಳು ತೋರಿಸುವುದಿಲ್ಲ.

ಮಾರ್ಕ್ಸ್ ಮತ್ತು ಎಂಗೆಲ್ಸ್ 1845-46ರಲ್ಲಿ ಬರೆದ ಜರ್ಮನ್ ಐಡಿಯಾಲಜಿಯಲ್ಲಿ ಒಂದು ಆಸೆ ಇದೆ. ಮುಂದೆ ಬರುವ ಸಮಾಜದಲ್ಲಿ ಮನುಷ್ಯ ಬೆಳಿಗ್ಗೆ ಬೇಟೆ ಆಡಬಹುದು, ಮಧ್ಯಾಹ್ನ ಮೀನು ಹಿಡಿಯಬಹುದು, ಸಂಜೆ ದನ ಮೇಯಿಸಬಹುದು, ಊಟವಾದ ಮೇಲೆ ವಿಮರ್ಶೆ ಬರೆಯಬಹುದು; ಬೇಡನೋ ಬೆಸ್ತನೋ ಆಗಿಬಿಡಬೇಕಾಗಿಲ್ಲ. ಒಳ್ಳೇ ಆಸೆ. ಆದರೆ ಬರೆದವರಿಗೆ ನಮ್ಮ ಊರು ಗೊತ್ತಿರಲಿಲ್ಲ. ಅಲ್ಲಿ ಮೀನು ಹಿಡಿದೂ ಹಿಡಿದೂ ಮನುಷ್ಯ ಬೆಸ್ತನಾಗುತ್ತಾನೆ. ಇಲ್ಲಿ ಬಲೆ ಮುಟ್ಟದೆಯೂ ಬೆಸ್ತ. ನಾನು ಬಿ.ಎ. ಮಾಡಿದ್ದೇನೆ, ಒಂದು ಅಂಗುಲ ತೊಗಲು ಕೊಯ್ದಿಲ್ಲ. ಬಾಡಿಗೆ ಮನೆ ಕೇಳಲು ಹೋದರೆ ಕೆಲಸ ಏನು ಅಂತ ಕೇಳಿ ಮುಗಿಸಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತೆ. ಅದಕ್ಕೇ ಅಂಬೇಡ್ಕರ್ 1936ರಲ್ಲಿ ಜಾತಿ ಅನ್ನುವುದು ಕೆಲಸವನ್ನು ಹಂಚಿದ್ದಲ್ಲ, ಕೆಲಸಗಾರರನ್ನೇ ತುಂಡು ತುಂಡು ಮಾಡಿ ಒಬ್ಬರ ಮೇಲೊಬ್ಬರನ್ನು ಇಟ್ಟದ್ದು ಎಂದು ತೋರಿಸಿದರು. ಅದೇ 1936ರ ನವೆಂಬರಿನಲ್ಲಿ ಗಾಂಧಿ ತಮ್ಮ ಹರಿಜನ ಪತ್ರಿಕೆಯಲ್ಲಿ ಆದರ್ಶ ಭಂಗಿ ಹೇಗಿರಬೇಕು ಅಂತ ಬರೆದರು. ಒಂದೇ ವರ್ಷ, ಎರಡು ದಾರಿ. ಒಬ್ಬರು ಪೊರಕೆಗೆ ಗೌರವ ಕೊಡಿಸಲು ಹೊರಟರು. ಇನ್ನೊಬ್ಬರು ಪೊರಕೆಯನ್ನು ಕೆಳಗಿಡಿ ಅಂದರು.

ನನ್ನ ಮಟ್ಟಿಗೆ ಆ ಬೆಂಚಿನ ಪ್ರಶ್ನೆಗೆ ಉತ್ತರದ ತುದಿ ಸಿಗುವುದು ಇಲ್ಲೇ. ಬೆಂಗಳೂರಿನವರು ಭಾನುವಾರ ಸಂಜೆ ಗರಗಸ ಕೆಳಗಿಟ್ಟು ಕೈ ತೊಳೆದರೆ ಕೆಲಸ ಅವರ ಕೈಯಿಂದ ಹೋಗುತ್ತೆ. ನಮ್ಮ ತಾತ ಉಳಿ ಕೆಳಗಿಟ್ಟರೂ ಉಳಿ ಅವನನ್ನು ಬಿಡುತ್ತಿರಲಿಲ್ಲ. ಉಪಕರಣವನ್ನು ಕೆಳಗಿಡುವ ಹಕ್ಕು ಇದ್ದವನಿಗೆ ಮಾತ್ರ ಅದನ್ನು ಎತ್ತಿಕೊಳ್ಳುವುದು ಸಂತೋಷ. ಆ ಹಕ್ಕು ಇಲ್ಲದವನಿಗೆ ಕೆಲಸದ ಘನತೆ ಕುರಿತು ಉಪದೇಶ ಮಾಡುವುದು, ಕಾಲಿಗೆ ಹಾಕಿದ ಸಂಕೋಲೆಗೆ ಪಾಲಿಷ್ ಹಾಕಿಕೋ ಅಂದ ಹಾಗೆ.

ಕೆಳಗಿಡುವುದು ಸುಮ್ಮನೆ ಆಗಲಿಲ್ಲ. 1927ರ ಮಾರ್ಚಿನಲ್ಲಿ ಮಹಾಡ್‌ನಲ್ಲಿ ಸೇರಿದ ಜನರಿಗೆ ಅಂಬೇಡ್ಕರ್ ಸತ್ತ ದನ ಎಳೆಯುವುದನ್ನು, ಅದರ ಬಾಡು ತಿನ್ನುವುದನ್ನು ಬಿಡಿ ಅಂದರು. ಕರ್ನಾಟಕದಲ್ಲಿ ತೋಟಿ, ತಳವಾರ, ನೀರಗಂಟಿಯಂಥ ವಂಶಪಾರಂಪರ್ಯದ ಚಾಕರಿಗಳನ್ನು ಕಿತ್ತು ಹಾಕುವ ಕಾಯ್ದೆ ಬಂದದ್ದು 1961ರಲ್ಲಿ. ಮಲ ಹೊರುವ ಪದ್ಧತಿ ನಿಲ್ಲಿಸಲು 1970ರ ದಶಕದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಆಜ್ಞೆ ಮಾಡಿದರು. ಅದೇ ಬಸವಲಿಂಗಪ್ಪ 1973ರಲ್ಲಿ ಬೂಸಾ ಅಂದದ್ದಕ್ಕೆ ಏನಾಯಿತು ಅಂತ ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ನಮ್ಮ ತಾತ ಕಪಿಲೆ ಬಾವಿಯ ತೊಗಲ ಬಾನಿ ಹೊಲಿಯುತ್ತಿದ್ದವನು. ಪಂಪ್‌ಸೆಟ್ಟು ಬಂದು ಬಾನಿ ನಿಂತಿತು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ಪಡೆಯುವುದು ಅವನಿಗೆ ಸಾಕಾಗಿತ್ತು. ಬಡಗಿಗೆ ರಾಶಿಯ ಮೇಲಿಂದ ಅಳೆದು ಕೊಡುತ್ತಿದ್ದರಂತೆ, ನಮಗೆ ಕಣದ ತಳ ಗುಡಿಸಿ, ಮಣ್ಣು ಸಮೇತ. ಹಳೇ ಮೈಸೂರಿನ ಎಡಗೈ ಬಲಗೈ ಪಣದ ಲೆಕ್ಕದಲ್ಲಿ ಪಾಂಚಾಳರೂ ಮಾದಿಗರೂ ಒಂದೇ ಎಡಗೈ ಕಡೆಯವರು. ಆ ನೆಂಟಸ್ತನ ಜಗಳಕ್ಕೆ ಮಾತ್ರ ನೆನಪಾಗುತ್ತಿತ್ತು, ರಾಶಿಗಲ್ಲ. ಹಟ್ಟಿಯವರು ಸತ್ತ ದನ ಎತ್ತುವುದಿಲ್ಲ ಅಂತ ಒಂದು ವರ್ಷ ಕೂಡಿ ತೀರ್ಮಾನ ಮಾಡಿದರು. ಊರವರು ಕೂಲಿ ನಿಲ್ಲಿಸಿದರು, ಅಂಗಡಿ ಸಾಮಾನು ನಿಲ್ಲಿಸಿದರು. ಹಟ್ಟಿ ಬಗ್ಗಲಿಲ್ಲ. ತಾತ ಉಳಿ, ರಂಪಿಗೆ, ದಬ್ಬಳ ಮೂರನ್ನೂ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಎಸೆದ. ಅಪ್ಪನಿಗೆ ಅದನ್ನು ಕಲಿಸಲಿಲ್ಲ. ನಾಡಿನ ಕರಕುಶಲ ಕಲೆಗಳು ನಶಿಸುತ್ತಿವೆ ಅಂತ ವಿಚಾರ ಸಂಕಿರಣಗಳಲ್ಲಿ ಕಣ್ಣೀರು ಹಾಕುವವರು ಈ ಗೋಣಿಚೀಲದ ಬಗ್ಗೆಯೂ ಒಂದು ಪ್ರಬಂಧ ಮಂಡಿಸಬೇಕು. ಅದು ನಶಿಸಿದ್ದಲ್ಲ, ನಾವು ನಶಿಸಿದ್ದು. ಅದೂ ಒಂದು ಬಂಡಾಯ, ಘೋಷಣೆ ಇಲ್ಲದ್ದು.

ನನ್ನ ಸಿದ್ಧಾಂತ ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಭಾನುವಾರ ಅದನ್ನು ಅಲ್ಲಾಡಿಸಿತು.

ಬೆಳಿಗ್ಗೆ ಹಿತ್ತಲು ಸವರುವ ಕೆಲಸ. ಬೇಲಿ ಸಾಲಿನ ಉದ್ದಕ್ಕೂ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದಿತ್ತು. ಆ ಹೆಸರು ಯಾಕೆ ಬಂತೋ, ಯಾವ ಸರ್ಕಾರ ಬಂದರೂ ಹೋಗಿಲ್ಲ. ಅದನ್ನು ಕಿತ್ತು, ತೆಂಗಿನ ಸೋಗೆ ಎಳೆದು ಹಾಕಿ, ಬಚ್ಚಲ ನೀರು ನಿಲ್ಲುವ ಕಡೆ ಗುದ್ದಲಿಯಿಂದ ಕಾಲುವೆ ಎತ್ತಿದೆ. ಆಮೇಲೆ ನುಗ್ಗೆ ಮರದ ಕೆಳಗೆ ಹಲಗೆ ಇಟ್ಟುಕೊಂಡು ಹತ್ತರಿ ಹಿಡಿದೆ. ಬೆಂಚೇ ಯಾಕೆ ಅಂತ ಕೇಳಬಹುದು. ಊರ ಹೋಟಲಿನಲ್ಲಿ ನಮ್ಮವರಿಗೆ ಬೆಂಚು ಇರುತ್ತಿರಲಿಲ್ಲ, ನೆಲ ಇತ್ತು. ಗೌಡರ ಜಗಲಿಯ ಮುಂದೆ ಕೂರುವುದಂತೂ ಇಲ್ಲ. ಅಪ್ಪ ಈಗಲೂ ಎಲ್ಲಿ ಹೋದರೂ ಕುಕ್ಕರುಗಾಲಲ್ಲೇ ಕೂರುತ್ತಾನೆ. ನಮ್ಮ ಹಿತ್ತಲಲ್ಲಿ ನಮ್ಮದೇ ಒಂದು ಬೆಂಚು ಇರಲಿ ಅನ್ನಿಸಿತು. ಹತ್ತರಿ ಮರದ ಮೇಲೆ ಓಡುವ ಸದ್ದು, ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆ, ಕಚ್ಚು ಹೊಡೆದ ಕಡೆ ಕಾಲು ಬಿಗಿಯಾಗಿ ಕೂತಾಗ ಆಗುವ ಸಮಾಧಾನ. ಇದನ್ನೆಲ್ಲ ಪದ್ಯ ಬರೆಯುವವರಿಗೆ ವಿವರಿಸಬೇಕಾಗಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಿತ್ತಲೆಲ್ಲ ಸಿಪ್ಪೆ. ಅವ್ವ ಪೊರಕೆ ಹಿಡಕೊಂಡು ಬಂದಳು.

"ಕೊಡವ್ವ, ನಾನೇ ಗುಡಿಸ್ತೀನಿ" ಅಂದೆ.

"ಬಿಡ್ಲಾ."

"ಕೊಡು ಅಂದ್ರೆ."

"ಆ ಮರಗೆಲಸ ಏನ್ ಬೇಕಾದ್ರೂ ಮಾಡ್ಕೊ, ಯಾರು ಬ್ಯಾಡ ಅಂದ್ರು. ನಿನ್ನ ಕೈಲಿ ಪೊರಕೆ ನೋಡಕ್ಕೆ ನಾನು ಕಂಡೋರ ತೋಟದಾಗೆ ಕಳೆ ಕಿತ್ತು ಓದಿಸ್ಲಿಲ್ಲ."

ಇದನ್ನು ಬರೀ ಗಂಡು ಹೆಣ್ಣಿನ ಲೆಕ್ಕ ಅಂದುಕೊಳ್ಳಬೇಡಿ. ಅವ್ವನ ಅಣ್ಣ ಒಂದು ಪಟ್ಟಣದಲ್ಲಿ ಪೌರಕಾರ್ಮಿಕ. ಬೀದಿ ಗುಡಿಸಿದ, ಮೋರಿಗೂ ಇಳಿದ. ಮನುಷ್ಯನ ಕೈಯಲ್ಲಿ ಮಲ ಬಳಿಸಬಾರದು ಅಂತ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾಯ್ದೆ ಬಂದಿವೆ; ಅವ್ವನಿಗೆ ಕಾಯ್ದೆ ಗೊತ್ತಿಲ್ಲ, ಅಣ್ಣನ ಮೈಯ ವಾಸನೆ ಗೊತ್ತು. ಉಳಿ ಆಚಾರಿಯದು, ಮಗ ಉಳಿ ಹಿಡಿದರೆ ಒಂದು ಮೆಟ್ಟಿಲು ಮೇಲೆ ಹತ್ತಿದ ಹಾಗೆ ಅವಳಿಗೆ. ಪೊರಕೆ ಹಿಡಿದರೆ ಇಳಿದ ಹಾಗೆ. ಪ್ರಧಾನಿಯಿಂದ ಹಿಡಿದು ಪುಢಾರಿಯವರೆಗೆ ಎಲ್ಲರೂ 2014ರ ಗಾಂಧಿ ಜಯಂತಿಯ ದಿನ ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡರು, ಅವರಿಗೇನೂ ಆಗಲಿಲ್ಲ. ಕೆಳಗಿಟ್ಟರು, ಹೋದರು. ಅವ್ವ ಹೆದರುವುದು ಕೆಳಗಿಡಲು ಬಾರದ ಪೊರಕೆಗೆ. ಅವಳು ಅಂಬೇಡ್ಕರರ ಒಂದು ಪುಟವನ್ನೂ ಓದಿಲ್ಲ, ಆದರೆ 1936ರ ಆ ಜಗಳದಲ್ಲಿ ತಾನು ಯಾರ ಕಡೆ ಅನ್ನುವುದು ಅವಳಿಗೆ ಸ್ಪಷ್ಟ.

ನಾನು ಹೀಗೆಲ್ಲ ಯೋಚಿಸಿ ಅವ್ವನನ್ನು ಮೆಚ್ಚಿಕೊಳ್ಳುತ್ತಿರುವಾಗ ತಂಗಿ ಒಳಗಿಂದ ಬಂದಳು. ಪಿಯುಸಿ ಎರಡನೇ ವರ್ಷ. "ಅಣ್ಣ ಓದಿದೋನು, ಪೊರಕೆ ಹಿಡೀಬಾರ್ದು. ನಾನೂ ಓದ್ತಾ ಇದೀನಲ್ಲವ್ವ, ನಂಗೆ ಯಾವತ್ತು ಬಿಡಿಸ್ತೀಯ?" ಅಂದಳು.

ಅವ್ವ ಉತ್ತರ ಕೊಡಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಕೆಳಗಿಡುವ ಹಕ್ಕು ಅಂತ ನಾನು ಕಟ್ಟಿದ ಮಾತು ಗಂಡಸಿನ ಕೈಯನ್ನು ನೋಡಿ ಕಟ್ಟಿದ್ದು. ತಾತ ರಂಪಿಗೆ ಅಟ್ಟಕ್ಕೆ ಎಸೆದ ದಿನವೂ ಅಜ್ಜಿ ರಾಗಿ ಬೀಸಿರಬೇಕು. ಲೋಖಂಡೆಯವರ ಗಿರಣಿಯಲ್ಲಿ ಭಾನುವಾರ ಬಂದ ದಿನ ಕೂಲಿಯ ಹೆಂಡತಿಗೆ ಒಂದು ಹೊತ್ತಿನ ಅಡಿಗೆ ಹೆಚ್ಚೇ ಆಗಿರಬೇಕು. ಒಂದು ಜಾತಿ ತನ್ನ ಕೆಲಸವನ್ನು ಊರಿನ ಮುಂದೆ ಎಸೆದು ಬರಬಹುದು. ಒಲೆಯನ್ನು ಯಾವ ಅಟ್ಟಕ್ಕೆ ಎಸೆಯುವುದು? ಒಂದು ಹೇಳಬಲ್ಲೆ. ಪೊರಕೆ ನನ್ನ ಕೈಗೆ ಬಂದರೆ ಸಾಲದು, ತಂಗಿಯ ಕೈಯಿಂದ ಹೋಗಬೇಕು. ಎರಡೂ ಒಂದೇ ಅಲ್ಲ. ನಾನು ಎರಡು ದಿನ ಬಂದು ಗುಡಿಸಿ ಹೋದರೆ ಅದು ನನ್ನ ಹವ್ಯಾಸವಾಗುತ್ತೆ, ಉಳಿದ ಐದು ದಿನ ಅವಳ ಕರ್ಮವಾಗಿಯೇ ಇರುತ್ತೆ. ಅವತ್ತು ಗುಡಿಸಿದ್ದು ಅವ್ವನೇ. ಸಿಪ್ಪೆಯನ್ನು ಗುಡ್ಡೆ ಮಾಡಿ ನೀರೊಲೆಗೆ ಒಯ್ದಳು. ಸಿಲ್ವರ್ ಓಕ್ ಚೆನ್ನಾಗಿ ಉರಿಯುತ್ತಂತೆ.

ಸಂಜೆಗೆ ಬೆಂಚು ನಿಂತಿತು. ನಮ್ಮ ಹಿತ್ತಲ ನೆಲ ಏರುಪೇರು, ಎಲ್ಲಿಟ್ಟರೂ ಒಂದು ಕಾಲು ಅರ್ಧ ಅಂಗುಲ ಮೇಲೆ ನಿಲ್ಲುತ್ತಿತ್ತು. ಕಲ್ಲಿನ ಚಕ್ಕೆ ಕೊಟ್ಟು ನೋಡಿದೆ, ಜಾರುತ್ತಿತ್ತು. ಅಪ್ಪ ಕಾಯಿ ಸುಲಿದು ಬಂದವನು ಕೈಕಾಲು ತೊಳೆದುಕೊಂಡು, ಕುಕ್ಕರುಗಾಲಲ್ಲಿ ಕೂತು ಬೆಂಚನ್ನೇ ನೋಡುತ್ತಿದ್ದ. ಎದ್ದು ಒಳಗೆ ಹೋದ. ಅಟ್ಟದ ಮೇಲೆ ಏನೋ ಎಳೆದಾಡುವ ಸದ್ದಾಯಿತು. ಗೋಣಿಚೀಲ ಕೊಡವಿಕೊಂಡು ಬಂದ. ತಾತನ ರಂಪಿಗೆ. ತುಕ್ಕು ಹಿಡಿದಿತ್ತು, ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿದ. ಹಳೇ ಕೆರದ ಅಟ್ಟೆ ಒಂದನ್ನು ಮುಂದಿಟ್ಟುಕೊಂಡು, ಕಲಿಯದ ಕೈಯಲ್ಲಿ ಎರಡು ಸಲ ಜಾರಿ, ಮೂರನೇ ಸಲಕ್ಕೆ ಕಾಲಿನ ಅಗಲಕ್ಕೆ ಸರಿಯಾಗಿ ಒಂದು ತುಂಡು ಕೊಯ್ದ. "ಮೊಳೆ ಕೊಡ್ಲಾ" ಅಂದ. ಕೊಟ್ಟೆ. ಯಾರೂ ಹೇಳಿರಲಿಲ್ಲ, ಯಾರ ಕನಸೂ ಬಿದ್ದಿರಲಿಲ್ಲ. ರಂಪಿಗೆಯನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ, ಬಾಗಿಲ ಪಕ್ಕದ ಗೂಡಿನಲ್ಲಿ ಬ್ಯಾಟರಿ, ಬೀಡಿ ಕಟ್ಟಿನ ಜೊತೆ ಇಟ್ಟ.

ಬೆಂಚು ಈಗ ಅಲ್ಲಾಡುವುದಿಲ್ಲ. ಅದರ ಮೇಲೆ ಸದ್ಯಕ್ಕೆ ಅವ್ವ ಮೆಣಸಿನಕಾಯಿ ಒಣಗಲು ಹಾಕಿದ್ದಾಳೆ.